ಅಂಟಿನ ಡಬ್ಬಿಯ ಮಿಸ್

ನನ್ನ ತಂಗಿಯ ಮಗಳು ಶಾಲೆಯೊಂದರಲ್ಲಿ ಮಕ್ಕಳ ಮನಶ್ಶಾಸ್ತ್ರಜ್ಞೆ. ಮನೆಯಲ್ಲಿ ಅವಳನ್ನು ಕರೆಯುವುದು ಮೂಗಿ ಎಂದು. ನೂರು ಮಾತಿಗೆ ಒಂದು ಉತ್ತರ ಕೊಡುವ ಇವಳು ಈ ಕೆಲಸ ಹಿಡಿದಾಗ ನೆಂಟರಿಷ್ಟರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಅವಳ ಕೋಣೆಯಲ್ಲಿ ಎದುರುಬದುರು ಕುರ್ಚಿಗಳಿರಲಿಲ್ಲ. ಕಿಟಕಿಗೆ ಮುಖ ಮಾಡಿದ ಉದ್ದನೆಯ ಬೆಂಚು, ಅಂಟಿನ ಡಬ್ಬಿ, ಲೈಬ್ರರಿಯ ಹರಿದ ಪುಸ್ತಕಗಳು. ಬಂದ ಮಗು ಅವಳ ಪಕ್ಕ ಕೂತು ಹಾಳೆ ಅಂಟಿಸಬೇಕು, ಅಷ್ಟೆ. ಏನಾಯಿತೆಂದು ಅವಳು ಕೇಳುವುದಿಲ್ಲ. ಕೈ ಕೆಲಸದಲ್ಲಿದ್ದರೆ ಬಾಯಿ ತಾನಾಗಿ ಬಿಚ್ಚುತ್ತದೆ. ತಾಯಿ ತೀರಿಕೊಂಡ ಮೇಲೆ ಶಾಲೆಯಲ್ಲಿ ತುಟಿ ಎರಡು ಮಾಡದಿದ್ದ ಹುಡುಗಿಯೊಬ್ಬಳು ವಾರಗಟ್ಟಲೆ ಸುಮ್ಮನೆ ಅಂಟಿಸಿ, ಒಂದು ದಿನ, "ಮಿಸ್, ಈ ಪುಟ ನಾನು ಸೇರಿಸ್ಲಾ?" ಎಂದಳು. ಆಮೇಲೆ ದಿನಕ್ಕಿಷ್ಟು ಮಾತು ಬರತೊಡಗಿತು.

ಅಷ್ಟರಲ್ಲಿ ಆಡಳಿತದವರಿಗೆ ಹೊಸ ಹುಚ್ಚು ಹಿಡಿಯಿತು. ಯಾರ ಸ್ವಭಾವ ಯಾವ ಕೆಲಸಕ್ಕೆ ಹೊಂದುತ್ತದೆಂದು ಎಲ್ಲರಿಗೂ ಪರೀಕ್ಷೆ! 'ಗುಂಪಿನಲ್ಲಿದ್ದಾಗ ನಿಮಗೆ ಹುರುಪು ಬರುತ್ತದೆಯೇ?' ಇವಳು 'ಇಲ್ಲ' ಎಂದು ಗುರುತು ಹಾಕಿದಳು. ಸುಳ್ಳು ಹೇಳಲು ಬಂದರಲ್ಲವೇ? ಅಂತರ್ಮುಖಿ, ಈ ಹುದ್ದೆಗೆ ತಕ್ಕವಳಲ್ಲ ಎಂದು ತೀರ್ಪಾಯಿತು. ಇವಳನ್ನು ಲೈಬ್ರರಿಗೆ ದಬ್ಬಿ, ಅರಳು ಹುರಿದಂತೆ ಮಾತಾಡುವವರೊಬ್ಬರನ್ನು ಆ ಕೋಣೆಯಲ್ಲಿ ಕೂರಿಸಿದರು. ಬೆಂಚು ಮೆಟ್ಟಿಲ ಕೆಳಗೆ ಬಿತ್ತು. ತುಂಬಿದ ಕೊಡ ತುಳುಕುವುದಿಲ್ಲ ಎಂದರು ಹಿರಿಯರು. ತುಳುಕದ ಕೊಡವೆಲ್ಲ ಬರಿದು ಎನ್ನುತ್ತಾರೆ ಈ ಮಹಾಶಯರು!

ನನಗೆ ತಡೆಯಲಾಗಲಿಲ್ಲ. ಹೆಡ್‌ಮಾಸ್ತರರ ಮುಂದೆ ಹೋಗಿ ನಿಂತೆ.

"ಯಜಮಾನ್ರೇ, ಇದು ಸೈನ್ಸು. ನಿಮಗೆ ಅರ್ಥ ಆಗಲ್ಲ."

"ಯಾಕಾಗಲ್ಲ ಸಾರ್? ಕಿವಿ ಬೇಕಾದ ಕೆಲಸಕ್ಕೆ ಬಾಯಿ ಅಳೆದಿದ್ದೀರಿ."

"ಆರ್ಡರ್ ಆಗಿದೆ, ಮುಗೀತು."

ಮನೆಗೆ ಬಂದು ಅವಳನ್ನೇ ಬೈದೆ. "ನೀನಾದ್ರೂ ಒಂದು ಮಾತು ಕೇಳಬಾರದಿತ್ತೇನೇ, ಮೂಗಿ?"

"ಆ ಹುಡುಗಿ ಮತ್ತೆ ಮಾತು ನಿಲ್ಲಿಸಿದ್ದಾಳೆ, ಮಾವ," ಎಂದಳು. ತನ್ನ ಹುದ್ದೆಯ ಸುದ್ದಿಯೇ ಇಲ್ಲ!

ಮಾರನೆಯ ದಿನ ಅವಳು ಮರೆತುಹೋದ ಊಟದ ಡಬ್ಬಿ ಕೊಡಲು ಹೋದೆ. ಮೆಟ್ಟಿಲ ಕೆಳಗೆ, ಗೋಡೆಗೆ ಮುಖ ಮಾಡಿ, ಅದೇ ಬೆಂಚಿನಲ್ಲಿ ಕೂತು ಅವಳು ಪುಸ್ತಕ ಅಂಟಿಸುತ್ತಿದ್ದಳು. ಪಕ್ಕದಲ್ಲಿ ಆ ಹುಡುಗಿ. ಅಂಟಿಸಿದ ಹಾಳೆಗಳು ನೆಲದ ಮೇಲೆ ಒಣಗುತ್ತಿದ್ದವು. ಇಬ್ಬರ ಬಾಯಿಗೂ ಬೀಗ.

ಹೆಡ್‌ಮಾಸ್ತರರು ಬುಸುಗುಡುತ್ತ ಬಂದರು. "ಏನ್ ಮೇಡಂ ಇದು? ಮಕ್ಕಳನ್ನ ಕೂರಿಸ್ಕೊಳ್ಳೋದು ಈಗ ನಿಮ್ಮ ಕೆಲಸ ಅಲ್ಲ ಅಂತ ಹೇಳಿದೀನಲ್ಲ?"

ನನ್ನ ಸೋದರಸೊಸೆ ತಲೆ ಎತ್ತಲಿಲ್ಲ. ಹುಡುಗಿ ಎತ್ತಿದಳು.

"ಸಾರ್, ಅಂಟು ಇನ್ನೂ ಹಸಿ ಇದೆ. ಹಾಳೆ ತುಳೀಬೇಡಿ."

ಅವರು ಕಾಲು ಹಿಂದಕ್ಕೆ ತೆಗೆದುಕೊಂಡರು. ಆರ್ಡರನ್ನು ಮಾತ್ರ ಇವತ್ತಿಗೂ ಹಿಂದಕ್ಕೆ ತೆಗೆದುಕೊಂಡಿಲ್ಲ.