ಮಿರ್ಚಿ ಅಂಗಡಿಯ ಸೊಟ್ಟ ಹಲ್ಲು

ಡಿಸೈನ್ ಕೆಲಸದಲ್ಲಿ 'ಏನೋ ಸರಿ ಇಲ್ರಿ' ಅನ್ನುವ ಗಿರಾಕಿಯಷ್ಟು ತಲೆ ತಿನ್ನುವವರು ಇನ್ನೊಬ್ಬರಿಲ್ಲ. ಏನು ಸರಿ ಇಲ್ಲ ಅಂತ ಮಾತ್ರ ಹೇಳುವುದಿಲ್ಲ. ಕುರುಗೋಡಿನ ಈರಣ್ಣ ಅಂಥವರು. ಹೆಂಡತಿಯ ಮಿರ್ಚಿ ಅಂಗಡಿಗೆ ಆಕೆಯದೇ ಫೋಟೋ ಇರುವ ಬೋರ್ಡು ಬೇಕಿತ್ತು.

ಎಲ್ಲರಿಗೂ ಮಾಡುವಂತೆ ನಾನು ಮುಖ ಬೆಳ್ಳಗೆ ಮಾಡಿ, ನಗುವಾಗ ಇಣುಕುತ್ತಿದ್ದ ಸೊಟ್ಟ ಹಲ್ಲನ್ನೂ ನೆಟ್ಟಗೆ ಮಾಡಿ ಕಳಿಸಿದೆ. ಸರಿ ಇಲ್ಲ ಅಂದರು. ಬಣ್ಣ ಬದಲಿಸಿದೆ, ಅಕ್ಷರ ಬದಲಿಸಿದೆ. ಆಗಲೂ ಸರಿ ಇಲ್ಲ. ಕೊನೆಗೆ ಬೈಕು ಹತ್ತಿ ಪಾರ್ವತಿನಗರದ ನನ್ನ ರೂಮಿಗೇ ಬಂದರು.

"ಎಲ್ಲಿ ಸರಿ ಇಲ್ಲ, ಬೆರಳಿಟ್ಟು ತೋರಿಸ್ರಿ," ಅಂದೆ ಸಿಟ್ಟಿನಿಂದ.

ಕಂಪ್ಯೂಟರ್ ಪರದೆಯ ಮೇಲೆ ಹೆಂಡತಿಯ ತುಟಿಯ ಹತ್ತಿರ ಬೆರಳು ಒಯ್ದವರು ನಾಚಿ ಹಿಂದೆ ತೆಗೆದರು. "ಆ ಹಲ್ಲು ಎಲ್ಲಿ ಹೋತ್ರಿ? ಕನ್ಯಾ ನೋಡಾಕ ಹೋದಾಗ ಆಕಿ ನಕ್ಕಿದ್ಲು. ಆ ಹಲ್ಲು ನೋಡೇ ನಾ ಹೂಂ ಅಂದಿದ್ದು."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಹಲ್ಲನ್ನೂ ಮೈಬಣ್ಣವನ್ನೂ ಮೊದಲಿನಂತೆ ಮಾಡಿಕೊಟ್ಟೆ. ಖುಷಿಯಿಂದ ಹೋದರು.

ಸಂಜೆ ಅವರ ಹೆಂಡತಿಯ ಫೋನು. "ಅಣ್ಣಾರ, ನಮ್ಮನಿಯವ್ರಿಗೆ ಹೇಳಬ್ಯಾಡ್ರಿ. ಆ ಸೊಟ್ಟ ಹಲ್ಲೊಂದು ತೆಗೆದುಬಿಡ್ರಿ."

ನಾನು ಈರಣ್ಣ ಹೇಳಿದ್ದನ್ನು ಹಾಗೇ ಹೇಳಿದೆ. ಆ ಕಡೆಯಿಂದ ಎಣ್ಣೆಯಲ್ಲಿ ಮಿರ್ಚಿ ಬೇಯುವ ಸದ್ದು ಕೇಳಿತು.

"ನನಗ ಒಂದಿನಾನೂ ಹೇಳಿಲ್ಲ ನೋಡ್ರಿ," ಅಂದರು ಆಮೇಲೆ. ಮತ್ತೆ ದನಿ ತಗ್ಗಿಸಿ, "ಹಂಗಾದ್ರ ಒಂಚೂರು ದೊಡ್ಡದು ಕಾಣಂಗ ಮಾಡ್ರಿ."

ಹೆಸರೋ ಫೋಟೋನೋ ಏನಾದರೊಂದು ದೊಡ್ಡದು ಮಾಡಿ ಅನ್ನದ ಗಿರಾಕಿ ನನಗೆ ಇನ್ನೂ ಸಿಕ್ಕಿಲ್ಲ. ಆದರೆ ಬೈದುಕೊಳ್ಳದೆ ದೊಡ್ಡದು ಮಾಡಿದ್ದು ಆ ಹಲ್ಲೊಂದನ್ನೇ.