ಉಜ್ಜದೆ ಮುಚ್ಚಿದ ಬಾಗಿಲು

ಬೆಳಗಿನ ಐದೂಮುಕ್ಕಾಲು. ಶೆಡ್ಡಿನೊಳಗೆ ಇನ್ನೂ ಅರೆಗತ್ತಲು. ಐವತ್ತೆಂಟು ವರ್ಷದ ತಗಡು ಕೆಲಸಗಾರರೊಬ್ಬರು ಹಳೆಯ ಕಾರೊಂದರ ಎಡಬದಿಯಲ್ಲಿ ಮಂಡಿಯೂರಿದ್ದಾರೆ. ಕಾರಿನ ವಯಸ್ಸು ಅವರಿಗಿಂತ ಮೂರು ವರ್ಷ ಹೆಚ್ಚು. ಬಾಗಿಲಿಗೂ ಹಿಂಬದಿಯ ತಗಡಿಗೂ ನಡುವಿನ ಸಂದಿನಲ್ಲಿ ಅಳತೆಯ ಹಿತ್ತಾಳೆ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಎಳೆಯುತ್ತಾರೆ. ಪಟ್ಟಿ ಸಿಕ್ಕಿಕೊಳ್ಳಬಾರದು, ಜಾರಲೂಬಾರದು. ಸೊಂಟದ ಮಟ್ಟದಲ್ಲಿ ತಡೆಯುತ್ತದೆ. ಕೀಲಿನ ಬೋಲ್ಟನ್ನು ಕಾಲು ಸುತ್ತು ಸಡಿಲಿಸಿ, ಬಾಗಿಲನ್ನು ಭುಜದಿಂದ ತುಸು ಎತ್ತಿ, ಮತ್ತೆ ಬಿಗಿಯುತ್ತಾರೆ.

ಇದು ಇಬ್ಬರ ಕೆಲಸ. ಒಬ್ಬ ಬಾಗಿಲು ಹಿಡಿಯಬೇಕು, ಇನ್ನೊಬ್ಬ ಬೋಲ್ಟು ತಿರುಗಿಸಬೇಕು. ಹನ್ನೊಂದು ವರ್ಷದಿಂದ ಇವರು ಎರಡನ್ನೂ ಒಬ್ಬರೇ ಮಾಡುತ್ತಿದ್ದಾರೆ. "ಜಾಕ್ ಬಾಗಿಲನ್ನ ಹಿಡ್ಕೊಳುತ್ತೆ. ಆದ್ರೆ ಸಾಕು ಅಂತ ಹೇಳೋಕೆ ಅದಕ್ಕೆ ಬಾಯಿಲ್ಲ" ಎನ್ನುತ್ತಾರೆ.

ಹೇಳುತ್ತಿದ್ದವರು ಅಣ್ಣ. ಆರು ವರ್ಷ ಹಿರಿಯರು. ತಮ್ಮನಿಗೆ ಹದಿನಾರು ತುಂಬಿದಾಗ ಕೈಗೆ ಸುತ್ತಿಗೆ ಕೊಟ್ಟವರು. ಮೂವತ್ತೊಂದು ವರ್ಷ ಇಬ್ಬರೂ ಒಂದೇ ಕಾರಿನ ಎರಡು ಬದಿಗಳಲ್ಲಿ ದುಡಿದರು. ತಿಂಗಳಿಗೆ ಆರು ಕಾರು ಬರುತ್ತಿದ್ದ ಶೆಡ್ಡಿಗೆ ಈಗ ಎರಡು ತಿಂಗಳಿಗೊಂದು ಬಂದರೆ ಹೆಚ್ಚು. ತಮ್ಮನ ಬಲಗಿವಿ ಸುತ್ತಿಗೆಯ ಸದ್ದಿಗೆ ಬಲಿಯಾಗಿದೆ.

ಅಣ್ಣ ಕಲಿಸಿದ ಕ್ರಮ ಸರಳ, ಆದರೆ ಅವಸರಕ್ಕೆ ಒಗ್ಗದ್ದು. ಬಾಗಿಲ ಕೆಳಗೆ ಉದ್ದಕ್ಕೂ ಸಾಗುವ ತಗಡಿನ ತೊಲೆಗೆ ಇವರು ಹೊಸ್ತಿಲು ಎನ್ನುತ್ತಾರೆ. ಕಾರಿನ ಬೆನ್ನೆಲುಬು ಅದು. ತುಕ್ಕು ಹಿಡಿದ ಹೊಸ್ತಿಲನ್ನು ಕತ್ತರಿಸುವ ಮುನ್ನ ಬಾಗಿಲ ಬಾಯಿಗೆ ಅಡ್ಡಲಾಗಿ ಕಬ್ಬಿಣದ ಕಂಬಿಯೊಂದನ್ನು ಬೆಸೆಯಬೇಕು. ಇಲ್ಲದಿದ್ದರೆ ಕಾರು ನಡುವಿನಲ್ಲಿ ಕುಸಿಯುತ್ತದೆ. ಹೊಸ ಹೊಸ್ತಿಲನ್ನು ಚುಕ್ಕಿ ಬೆಸುಗೆಯಲ್ಲಿ ನಿಲ್ಲಿಸಿ, ಬಾಗಿಲು ತೂಗುಹಾಕಿ, ಸಂದು ನೋಡಿದ ಮೇಲೆಯೇ ಪೂರ್ತಿ ಬೆಸುಗೆ. ಅದೂ ಎರಡು ಬೆರಳಗಲ ಬೆಸೆದು, ಆರಲು ಬಿಟ್ಟು, ಮತ್ತೆ ಎರಡು ಬೆರಳಗಲ. ಸಂದು ಹೊಂದಿಸುವುದು ಹಿಂದಿನಿಂದ ಮುಂದಕ್ಕೆ: ಮೊದಲು ಬಾಗಿಲು, ಆಮೇಲೆ ಮಡ್‌ಗಾರ್ಡ್, ಕೊನೆಗೆ ಬಾನೆಟ್. ಎಲ್ಲವೂ ಕೂಡಿಬರುವ ತನಕ ಒಂದು ಬೋಲ್ಟೂ ಪೂರ್ತಿ ಬಿಗಿಯಬಾರದು.

ಹನ್ನೊಂದು ವರ್ಷದ ಹಿಂದೆ ಇದೇ ಕಾರು, ಇದೇ ಎಡಬದಿ. ಅತ್ತಿಗೆಗೆ ಶಸ್ತ್ರಚಿಕಿತ್ಸೆಯಾಗಿ ಅಣ್ಣ ಎರಡು ದಿನ ಆಸ್ಪತ್ರೆಯಲ್ಲಿದ್ದರು. ಅವರು ಬರುವಷ್ಟರಲ್ಲಿ ಮುಗಿಸಿ ಭೇಷ್ ಅನ್ನಿಸಿಕೊಳ್ಳುವ ಹುರುಪಿನಲ್ಲಿ ಇವರು ಕಂಬಿ ಬೆಸೆಯದೆ ಹೊಸ್ತಿಲು ಕತ್ತರಿಸಿದರು. ಕಾರು ಐದು ಮಿಲಿಮೀಟರು ಕುಸಿಯಿತು. ಬಾಗಿಲು ಮುಚ್ಚಲಿಲ್ಲ. ಆಗ ಅವರು ಅರ ತೆಗೆದುಕೊಂಡು ಬಾಗಿಲಿನ ಅಂಚನ್ನೇ ಉಜ್ಜಿ ಮುಚ್ಚಿಸಿದರು. ಅಣ್ಣ ಬಂದು ಕೇಳಿದಾಗ, ಅದು ಮೊದಲಿನಿಂದಲೂ ಹಾಗೆಯೇ ಇತ್ತೆಂದರು. ನೆಲದ ಮೇಲೆ ಅರಪುಡಿ ಇನ್ನೂ ಹೊಳೆಯುತ್ತಿತ್ತು.

"ಕಾರು ಕುಸಿದಿದ್ದಕ್ಕೆ ಅಣ್ಣ ಬಯ್ದು ಸುಮ್ಮನಾಗ್ತಿದ್ದ. ನಾನು ಬಾಗಿಲನ್ನ ಉಜ್ಜಿ, ಅವನ ಮುಖ ನೋಡ್ಕೊಂಡು ಸುಳ್ಳು ಹೇಳಿದೆ."

ಅಣ್ಣ ಕೈ ತೊಳೆದುಕೊಂಡು ಹೊರಟವರು ಮತ್ತೆ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಊರಿನ ಆ ತುದಿಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾರೆ. ಅವರ ಸುತ್ತಿಗೆ ಮಾತ್ರ ಇಲ್ಲಿಯೇ ಗೋಡೆಯ ಮೊಳೆಯಲ್ಲಿದೆ. ತಮ್ಮ ವಾರಕ್ಕೊಮ್ಮೆ ಅದಕ್ಕೆ ಎಣ್ಣೆ ಒರೆಸುತ್ತಾರೆ, ಬಳಸುವುದಿಲ್ಲ.

ಈಗ ತುಕ್ಕು ಹಿಡಿದು ಅದೇ ಕಾರು ಮರಳಿ ಬಂದಿದೆ. ಉಜ್ಜಿದ ಬಾಗಿಲು, ಹೊಸ್ತಿಲು, ಮಡ್‌ಗಾರ್ಡ್ ಮೂರನ್ನೂ ಬದಲಿಸಿದ್ದಾಯಿತು. ಈ ಸಲ ಕಂಬಿ ಒಂದಲ್ಲ, ಎರಡು. ಅಳೆದದ್ದು ಇಪ್ಪತ್ತಮೂರು ಕಡೆ, ದಿನಕ್ಕೆ ಎರಡು ಬಾರಿ, ಹತ್ತೊಂಬತ್ತು ದಿನ. ನಾಳೆ ಹತ್ತು ಗಂಟೆಗೆ ಕಾರು ಬಣ್ಣದವರ ಬಳಿಗೆ ಹೋಗುತ್ತದೆ. ಬಣ್ಣ ಬಿದ್ದರೆ ಬೆಸುಗೆ ಕಾಣದು. ಅಷ್ಟರೊಳಗೆ ಅಣ್ಣ ನೋಡಬೇಕೆಂಬುದು ಇವರ ಆಸೆ. ಹೇಳಿಕಳಿಸಿ ನಾಲ್ಕು ದಿನವಾಯಿತು, ಉತ್ತರವಿಲ್ಲ.

ಒಂಬತ್ತಕ್ಕೆ ಅತ್ತಿಗೆ ಬರುತ್ತಾರೆ. ಎರಡು ಮನೆಗಳ ನಡುವೆ ಸುದ್ದಿ ಸಾಗಿಸುವವರು ಅವರೊಬ್ಬರೇ. "ಹನ್ನೊಂದು ವರ್ಷ ಅಂಚೆಯವಳಾಗಿ ದುಡಿದಿದೀನಿ. ನಿವೃತ್ತಿ ಯಾವಾಗ ಕೊಡ್ತೀರಪ್ಪ ನನಗೆ?" ಎನ್ನುತ್ತಾ ಕಾರನ್ನು ಒಂದು ಸುತ್ತು ನೋಡಿ, ಗಂಡನಿಗೆ ಫೋನ್ ಮಾಡುತ್ತಾರೆ. ಮೈದುನ ಬಾಗಿಲನ್ನು ಎರಡು ಬೆರಳಿನಿಂದ ತಳ್ಳುತ್ತಾರೆ. ಅದು ಮೆಲ್ಲನೆ ಹೋಗಿ ಕೂರುತ್ತದೆ. ಅದನ್ನು ಅತ್ತಿಗೆ ಫೋನಿನಲ್ಲಿ ತಿಳಿಸುತ್ತಾರೆ. ಆಮೇಲೆ ಅತ್ತಿಗೆ ಫೋನನ್ನು ಎದೆಗೊತ್ತಿಕೊಂಡು ಹೇಳುತ್ತಾರೆ: "ಸಂದಿನಲ್ಲಿ ಬಣ್ಣಕ್ಕೆ ಅಂತ ಎಷ್ಟು ಬಿಟ್ಟಿದ್ದಾನೆ, ಕೇಳು ಅಂತಾರೆ."

ಹನ್ನೊಂದು ವರ್ಷದಲ್ಲಿ ಅಣ್ಣನಿಂದ ಬಂದ ಮೊದಲ ಪ್ರಶ್ನೆ. ಬಣ್ಣದ ಪದರ ಒಂದೊಂದು ಅಂಚಿನಲ್ಲೂ ಸಂದನ್ನು ತಿನ್ನುತ್ತದೆ. ಕಸುಬು ಬಲ್ಲವರು ಮಾತ್ರ ಕೇಳುವ ಲೆಕ್ಕ ಇದು. ಉತ್ತರಕ್ಕೆ ತಮ್ಮ ತಡವರಿಸುವುದಿಲ್ಲ. ಆದರೆ ಕೈ ಒರೆಸಿಕೊಳ್ಳುವುದು ಮಾತ್ರ ಮುಗಿಯುವುದೇ ಇಲ್ಲ.

"ಅಂಚಿಗೆ ಕಾಲು ಮಿಲಿ, ಎರಡು ಸೇರಿ ಅರ್ಧ ಅಂತ ಹೇಳಿ ಅತ್ತಿಗೆ. ಆದ್ರೆ ನನ್ನ ಮಾತು ನಂಬಬೇಡ ಅನ್ನಿ. ನಾಳೆ ಹತ್ತರೊಳಗೆ ಬಂದು ಅವನೇ ಅಳೀಲಿ."