ಗುಂಡಿ ಡಬ್ಬಿ

ಬೇಸಿಗೆ ರಜೆ ಶುರುವಾಗುತ್ತಲೇ ತಮ್ಮ ತನ್ನ ಇಬ್ಬರು ಮಕ್ಕಳನ್ನು ಅಕ್ಕನ ಮನೆಗೆ ತಂದು ಬಿಟ್ಟು, ತಿರುಗಿಯೂ ನೋಡದೆ ಹೋದ. ಬಟ್ಟೆ ಹೊಲಿದು ಒಬ್ಬಳೇ ಬದುಕುತ್ತಿದ್ದ ಅತ್ತೆಗೆ ಮಕ್ಕಳನ್ನು ಈಜಿಗೆ, ಸಿನಿಮಾಕ್ಕೆ ಕಳಿಸುವ ಅನುಕೂಲವಿರಲಿಲ್ಲ; ಮೆಷಿನ್ ಬಿಟ್ಟೇಳುವ ಪುರುಸೊತ್ತೂ ಇರಲಿಲ್ಲ. ಇದ್ದದ್ದು ಹಳೆಯ ಅಂಗಿಗಳಿಂದ ಬಿಚ್ಚಿಟ್ಟ ಒಂದು ಡಬ್ಬಿ ಗುಂಡಿ.

"ಬಣ್ಣ ಬಣ್ಣ ಬೇರೆ ಮಾಡ್ರೋ. ಅರ್ಜೆಂಟು," ಎಂದು ಚಾಪೆಯ ಮೇಲೆ ಸುರಿದಳು.

ಮಕ್ಕಳು ಸುತ್ತ ಕೂತು, ಮಧ್ಯಾಹ್ನದೊಳಗೆ ಬಿಳಿ, ಕಪ್ಪು, ನೀಲಿ ಎಂದು ಬಟ್ಟಲುಗಳಿಗೆ ತುಂಬಿದರು. ಅವರು ಉಂಡು ಕೈ ತೊಳೆಯಲು ಹೋದಾಗ ಅತ್ತೆ ಅಷ್ಟನ್ನೂ ಡಬ್ಬಿಗೆ ಸುರಿದು, ಸೌಟು ಹಾಕಿ ಚೆನ್ನಾಗಿ ಕಲಸಿಟ್ಟಳು. ಮರುದಿನ ಅದೇ ಡಬ್ಬಿ, ಅದೇ ಅರ್ಜೆಂಟು. ರಜೆಯೆಲ್ಲ ಹೀಗೇ ಸಾಗಿತು. ಕಾಸು ಬಿಚ್ಚದೆ ಮಕ್ಕಳನ್ನು ಸಂಭಾಳಿಸಿದ ತನ್ನ ಬುದ್ಧಿಗೆ ಬೇರೆ ಯಾರೂ ಶಹಬ್ಬಾಸ್ ಅನ್ನದ್ದರಿಂದ ಅವಳೇ ಅಂದುಕೊಂಡಳು.

ಕರೆದೊಯ್ಯಲು ಬಂದ ತಮ್ಮ ಬಾಗಿಲಲ್ಲೇ ಮಗಳನ್ನು ಕೇಳಿದ, "ಬೇಜಾರಾಯ್ತೇನಮ್ಮಾ?"

"ನಮಗೇನಿಲ್ಲಪ್ಪ. ಅತ್ತೆಗೇ ಪಾಪ, ಹೊತ್ತು ಹೋಗಲ್ಲ. ನಾವು ಆ ಕಡೆ ಹೋದ್ರೆ ಸಾಕು, ಸೌಟು ತಗೊಂಡು ಗುಂಡಿ ಎಲ್ಲ ಕಲಸ್ತಾ ಕೂತ್ಕೊಳ್ತಾರೆ. ಅವರ ಆಟ ನಿಲ್ಲಬಾರ್ದು ಅಂತ ನಾವು ದಿನಾ ಬೇರೆ ಮಾಡಿಕೊಡ್ತಿದ್ವಿ. ನೀನು ನೋಡಿದ್ರೂ ನೋಡದ ಹಾಗಿರು."

ಒಳಗೆ ಹೊಲಿಗೆ ಮೆಷಿನ್ ಗಕ್ಕನೆ ನಿಂತಿತು. ಮಕ್ಕಳು ಗೇಟು ದಾಟುವಷ್ಟರಲ್ಲಿ, ಡಬ್ಬಿಯೊಳಗೆ ಸೌಟು ಆಡುವ ಸದ್ದು ಕೇಳಿಸಿತು.